ಓಟಿಪಿ ಯಾರ ಫೋನಿಗೆ ಬರುತ್ತೆ? ಕಾಲೇಜಿಗೆ ಸೇರುವವರು ಮೊದಲು ನೋಡಿಕೊಳ್ಳಬೇಕಾದ್ದು

ಡಿಗ್ರಿ ಅಡ್ಮಿಷನ್ ಶುರುವಾಗುವ ಹೊತ್ತಿಗೆ ಕೊಪ್ಪಳ, ಗಂಗಾವತಿ, ಸಿಂಧನೂರು, ಬಳ್ಳಾರಿ ಎಲ್ಲೇ ಹೋಗಿ, ಕಾಲೇಜಿನ ಎದುರಿನ ಆನ್‌ಲೈನ್ ಸೆಂಟರ್‌ಗಳು ತುಂಬಿರುತ್ತವೆ. ಒಳಗೆ ಕೇಳುವ ಮಾತು ಒಂದೇ. "ಯಪ್ಪಾ, ಈಗ ಒಂದು ಮೆಸೇಜ್ ಬಂದೈತಿ ನೋಡು. ಅದರಾಗ ಆರು ನಂಬರ್ ಅದಾವು, ಓದಿ ಹೇಳು." ಅಪ್ಪ ಗುಳೆ ಹೋಗಿದ್ದಾನೆ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಆಧಾರ್‌ಗೆ ಕೊಟ್ಟ ಸಿಮ್ ಅವನ ಜೇಬಿನಲ್ಲಿದೆ. ಮಗಳು ಒಂದೊಂದೇ ಅಂಕಿಯನ್ನು ಜೋರಾಗಿ ಹೇಳುತ್ತಾಳೆ, ಸೆಂಟರ್‌ನವನು ಟೈಪ್ ಮಾಡುತ್ತಾನೆ. ಹಿಂದೆ ನಿಂತವರಿಗೆಲ್ಲ ಕೇಳಿಸುತ್ತದೆ.

ಮಾಹಿತಿ ಸುರಕ್ಷತೆ ಅಂದ ಕೂಡಲೇ ಎಲ್ಲೋ ದೂರದೇಶದ ಹ್ಯಾಕರ್ ನೆನಪಾಗುತ್ತಾನೆ, ಅಲ್ವಾ? ನಮ್ಮ ಕಡೆ ಅಷ್ಟು ದೂರ ಹೋಗಬೇಕಿಲ್ಲ. ನಂಬರ್ ಅಪ್ಪನದು. ಇಮೇಲ್ ಸೆಂಟರ್‌ನವನು ಮಾಡಿಕೊಟ್ಟದ್ದು. ಪಾಸ್‌ವರ್ಡ್ ಅವನ ಲಾಂಗ್ ಬುಕ್ಕಿನಲ್ಲಿದೆ. ಪಾಸ್‌ಬುಕ್ಕಿನ ಫೋಟೋ ಕ್ಲಾಸ್ ಗ್ರೂಪಿನಲ್ಲಿದೆ. ಕಾಲೇಜು, ಯೂನಿವರ್ಸಿಟಿ, ಸ್ಕಾಲರ್‌ಶಿಪ್ ಎಲ್ಲ ಕಡೆ 'ನಾನೇ ನಾನು' ಅಂತ ತೋರಿಸುವ ಸಾಮಾನೆಲ್ಲ ಬೇರೆಯವರ ಹತ್ತಿರ ಇದೆ. ಅದನ್ನು ಒಂದೊಂದಾಗಿ ವಾಪಸ್ ತಗೊಳ್ಳುವುದೇ ಇಲ್ಲಿನ ಕೆಲಸ. ಸಿಮ್‌ನಿಂದ ಶುರು ಮಾಡೋಣ.

1. ಆಧಾರ್‌ಗೆ ನಿಮ್ಮದೇ ನಂಬರ್

ಆಧಾರ್‌ಗೆ ಯಾವ ನಂಬರ್ ಜೋಡಿಸಿದೆ ಎಂದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಮೈ ಆಧಾರ್ ವೆಬ್‌ಸೈಟಿನಲ್ಲಿ ಆಧಾರ್ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸುವ ಸೌಲಭ್ಯ ಇದೆ. ಅಲ್ಲಿ ಜೋಡಿಸಿದ ಮೊಬೈಲ್ ನಂಬರಿನ ಕೊನೆಯ ಮೂರು ಅಂಕಿ ಕಾಣುತ್ತವೆ. ನಿಮ್ಮದಲ್ಲದಿದ್ದರೆ ಬದಲಿಸಿ. ಆಧಾರ್ ಕೇಂದ್ರಕ್ಕೆ ನೀವೇ ಹೋಗಿ ಬೆರಳು ಕೊಟ್ಟು ಮಾಡಿಸಬಹುದು. ಕೇಂದ್ರ ಕೆಲವು ಬ್ಯಾಂಕು, ಅಂಚೆ ಕಚೇರಿಗಳಲ್ಲೂ ಇರುತ್ತದೆ. ಇದಕ್ಕೆ ದಾಖಲೆ ಬೇಕಿಲ್ಲ, ಸಣ್ಣ ಶುಲ್ಕ ಇದೆ. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. ನಿಮ್ಮೂರಿನ ಪೋಸ್ಟ್‌ಮ್ಯಾನ್ ಅಣ್ಣನನ್ನು ಒಮ್ಮೆ ಕೇಳಿ ನೋಡಿ. ಸ್ಕಾಲರ್‌ಶಿಪ್ಪಿನ ಕೊನೇ ದಿನಾಂಕದ ಹಿಂದಿನ ದಿನ ಹೋದರೆ ಆಗಲ್ಲ. ಅಪ್‌ಡೇಟ್ ಆಗಲು ಕೆಲವು ದಿನ ಬೇಕು.

ಇನ್ನೊಂದು ಮಾತು. ರೀಚಾರ್ಜ್ ಮಾಡದೆ ಬಿಟ್ಟ ಸಿಮ್ ಬಂದ್ ಆಗುತ್ತದೆ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆ ಯಾರಿಗಾದರೂ ಕೊಡಬಹುದು. ಆಮೇಲೆ ನಿಮ್ಮ ಓಟಿಪಿ ಆ ಹೊಸ ಮನುಷ್ಯನಿಗೆ ಹೋಗುತ್ತದೆ. ಆಫರ್ ಬಂತು ಅಂತ ವರ್ಷಕ್ಕೊಂದು ಸಿಮ್ ಬದಲಿಸುವ ಹುಡುಗರು ಇದನ್ನು ಗಮನಿಸಬೇಕು. ಆಧಾರ್, ಬ್ಯಾಂಕು, ಇಮೇಲ್ ಮೂರಕ್ಕೂ ಒಂದೇ ನಂಬರ್ ಇಟ್ಟುಕೊಳ್ಳಿ. ಓದು ಮುಗಿಯುವವರೆಗೆ ಅದನ್ನು ಸಾಯಲು ಬಿಡಬೇಡಿ.

ಹಾಗೇ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಆ್ಯಪ್ ಅಥವಾ ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ. ರಸ್ತೆ ಬದಿ ಛತ್ರಿ ಕೆಳಗೆ ಸಿಮ್ ತಗೊಂಡವರು ತಪ್ಪದೇ ನೋಡಬೇಕು. ಗೊತ್ತಿಲ್ಲದ ನಂಬರ್ ಇದ್ದರೆ, ಅದು ನನ್ನದಲ್ಲ ಎಂದು ಅಲ್ಲೇ ತಿಳಿಸಬಹುದು.

2. ಇಮೇಲ್ ಮತ್ತು ಪಾಸ್‌ವರ್ಡ್

ಸೆಂಟರ್‌ನವರು ಮಾಡಿಕೊಟ್ಟ ಇಮೇಲ್ ಇದ್ದರೆ ಎರಡರಲ್ಲಿ ಒಂದು ಮಾಡಿ. ನಿಮ್ಮ ಫೋನಿನಲ್ಲಿ ಅದಕ್ಕೆ ಲಾಗಿನ್ ಆಗಿ ಪಾಸ್‌ವರ್ಡ್, ರಿಕವರಿ ನಂಬರ್ ಎರಡನ್ನೂ ಬದಲಿಸಿ. ಇಲ್ಲವೇ ಹೊಸ ಇಮೇಲ್ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಕೊಡಿ. ರಿಕವರಿ ನಂಬರ್ ಸೆಂಟರ್‌ನವನದೇ ಉಳಿದರೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅಷ್ಟೇ. 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದರೆ ಬಾಗಿಲು ಅವನಿಗೇ ತೆರೆಯುತ್ತದೆ.

ಬಹಳಷ್ಟು ಕಾಲೇಜು ಪೋರ್ಟಲ್‌ಗಳಲ್ಲಿ ಮೊದಲ ಪಾಸ್‌ವರ್ಡ್ ಹುಟ್ಟಿದ ದಿನಾಂಕವೇ ಆಗಿರುತ್ತದೆ. ಯೂಸರ್ ಐಡಿ ರಿಜಿಸ್ಟರ್ ನಂಬರ್, ಅದು ನೋಟಿಸ್ ಬೋರ್ಡಿನಲ್ಲಿ ಇರುತ್ತದೆ. ಹುಟ್ಟಿದ ದಿನವೋ, ಗೆಳೆಯರು ಸ್ಟೇಟಸ್ ಹಾಕುತ್ತಾರೆ. ಕೆಲವರದ್ದು ಸರ್ಕಲ್‌ನಲ್ಲಿ ಫ್ಲೆಕ್ಸೇ ಇರುತ್ತದೆ! ಮೊದಲ ಲಾಗಿನ್ ಆದ ದಿನವೇ ಅದನ್ನು ಬದಲಿಸಿ.

ಹೊಸ ಪಾಸ್‌ವರ್ಡ್ ಉದ್ದ ಇರಲಿ. ಹೆಸರಿನ ಮುಂದೆ ಅಟ್ ಹಾಕಿ ಒಂದು ಎರಡು ಮೂರು ಸೇರಿಸುವುದನ್ನು ಬಿಡಿ, ಅದನ್ನು ಕ್ಲಾಸಿನ ಅರ್ಧ ಜನ ಇಟ್ಟಿರುತ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ: ವಗ್ಗಾಣಿ, ಟ್ರ್ಯಾಕ್ಟರ್, ಮೂಗುತಿ, ಹುಣಸೆಮರ. ನೆನಪಿಡುವುದು ಸುಲಭ, ಊಹಿಸುವುದು ಕಷ್ಟ. (ಇದನ್ನೇ ಇಟ್ಟುಕೊಳ್ಳಬೇಡಿ ಮತ್ತೆ, ಈಗ ಎಲ್ಲರೂ ಓದಿಯಾಯಿತು.) ಇಮೇಲ್ ಪಾಸ್‌ವರ್ಡ್ ಮಾತ್ರ ಬೇರೆ ಎಲ್ಲೂ ಬಳಸಬೇಡಿ. ಉಳಿದ ಎಲ್ಲ ಖಾತೆಗಳ ಬೀಗದ ಕೈ ಇರುವುದು ಅದರಲ್ಲೇ.

ಆಮೇಲೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವುದು) ಆನ್ ಮಾಡಿ. ಗೂಗಲ್‌ನಲ್ಲಿ ಇದನ್ನು ಆನ್ ಮಾಡಿದ ಮೇಲೆ ಹತ್ತು ಬ್ಯಾಕಪ್ ಕೋಡ್ ತಗೊಳ್ಳಬಹುದು. ಅವನ್ನು ಕಾಗದದ ಮೇಲೆ ಬರೆದು ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಇಟ್ಟ ಟ್ರಂಕಿನಲ್ಲೇ ಇಡಿ. ಹಾಸ್ಟೆಲಿನಲ್ಲಿ ಫೋನ್ ಕಳೆದ ದಿನ ಅದರ ಬೆಲೆ ಗೊತ್ತಾಗುತ್ತೆ. ವಾಟ್ಸ್ಆ್ಯಪ್‌ಗೂ ಆರು ಅಂಕಿಯ ಪಿನ್ ಹಾಕಬಹುದು, ಹಾಕಿ.

3. ಸೆಂಟರ್‌ನಲ್ಲಿ ಕೂತಾಗ

ಸೆಂಟರ್‌ಗೆ ಹೋಗಬೇಡಿ ಅಂತ ಹೇಳುವುದು ಸುಲಭ. ಆದರೆ ಯೂನಿವರ್ಸಿಟಿ ಅಡ್ಮಿಷನ್ ಪೋರ್ಟಲ್ ಯುಯುಸಿಎಂಎಸ್‌ನ ಫಾರ್ಮ್ ತುಂಬುವುದು, ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಗೆ ಅರ್ಜಿ, ಕಲ್ಯಾಣ ಕರ್ನಾಟಕ ಮೀಸಲಾತಿಯ 371 ಜೆ ಸರ್ಟಿಫಿಕೇಟ್, ಜಾತಿ ಆದಾಯ ಪತ್ರದ ಆರ್‌ಡಿ ನಂಬರ್ ಇಷ್ಟನ್ನೂ ಐದಿಂಚಿನ ಫೋನಿನಲ್ಲಿ ಮಾಡುವುದು ಸುಮ್ನೆ ಮಾತಲ್ಲ. ಸೆಂಟರ್‌ನವರು ನಮ್ಮ ಶತ್ರುಗಳೂ ಅಲ್ಲ. ಎಷ್ಟೋ ಹಳ್ಳಿ ಮಕ್ಕಳು ಡಿಗ್ರಿ ಸೇರಿದ್ದು ಅವರ ದಯೆಯಿಂದ. ಆ ಲಾಂಗ್ ಬುಕ್ಕಿನಲ್ಲಿ ಹೆಸರು, ಐಡಿ, ಪಾಸ್‌ವರ್ಡ್ ಅಂತ ಮೂರು ಗೆರೆ ಎಳೆದು ಬರೆದಿಡುವುದು ಕೂಡ ನಮಗಾಗಿಯೇ: ಮುಂದಿನ ವರ್ಷ ನಾವೇ ಹೋಗಿ "ಅಣ್ಣಾ, ಪಾಸ್‌ವರ್ಡ್ ಮರ್ತೀನಿ" ಅನ್ನುತ್ತೇವಲ್ಲ. ತೊಂದರೆ ಏನೆಂದರೆ ಆ ಬುಕ್ಕು ಕೌಂಟರ್ ಮೇಲೇ ಇರುತ್ತದೆ, ಯಾರು ಬೇಕಾದರೂ ಪುಟ ತಿರುವಬಹುದು.

ಹೋಗಿ, ಆದರೆ ಹೀಗೆ ಮಾಡಿ. ಪಾಸ್‌ವರ್ಡ್ ಬಂದಾಗ ಕೀಬೋರ್ಡ್ ನಿಮ್ಮ ಕಡೆ ಎಳೆದುಕೊಂಡು ನೀವೇ ಟೈಪ್ ಮಾಡಿ. ಓಟಿಪಿಯನ್ನು ಬಾಯಲ್ಲಿ ಹೇಳಬೇಡಿ, ಅದನ್ನೂ ನೀವೇ ಒತ್ತಿ. ಕ್ರೋಮ್ ಬ್ರೌಸರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿದರೆ ಇನ್‌ಕಾಗ್ನಿಟೊ ವಿಂಡೋ ತೆರೆಯುತ್ತದೆ. ಅದರಲ್ಲಿ ಕೆಲಸ ಮಾಡಿ ಮುಚ್ಚಿದರೆ ಲಾಗಿನ್ ಉಳಿಯುವುದಿಲ್ಲ. 'ಪಾಸ್‌ವರ್ಡ್ ಸೇವ್ ಮಾಡಲೇ' ಎಂದು ಕೇಳಿದರೆ ಬೇಡ ಅನ್ನಿ.

ಇನ್‌ಕಾಗ್ನಿಟೊ ಆದರೂ ಡೌನ್‌ಲೋಡ್ ಆದ ಫೈಲು ಹೋಗಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ. ಯಾವುದೇ ಸೆಂಟರ್‌ನ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ, ಯಾರದೋ ಆಧಾರ್, ಯಾರದೋ ಹಾಲ್ ಟಿಕೆಟ್, ಯಾರದೋ ಪಾಸ್‌ಬುಕ್ಕು ಸಾಲಾಗಿ ಬಿದ್ದಿರುತ್ತವೆ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ನಿಜ. ಆದರೆ ಅದು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಫೈಲಿನ ಪಕ್ಕದಲ್ಲೇ ನಿಮ್ಮ ಮಾರ್ಕ್ಸ್ ಕಾರ್ಡ್ ಇದ್ದರೆ ಅದು ಬೀಗವೇ ಅಲ್ಲ. ಪ್ರಿಂಟ್ ಆದ ಮೇಲೆ ಫೈಲ್ ಆರಿಸಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ಆಗ ರಿಸೈಕಲ್ ಬಿನ್‌ನಲ್ಲೂ ಉಳಿಯಲ್ಲ. ಸೆಂಟರ್‌ನ ವಾಟ್ಸ್ಆ್ಯಪ್ ನಂಬರಿಗೆ ದಾಖಲೆ ಕಳಿಸುವ ಬದಲು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ನಿಮ್ಮ ವಾಟ್ಸ್ಆ್ಯಪ್ಪನ್ನೇ ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದಿದ್ದರೆ, ಏಳುವ ಮೊದಲು ಫೋನಿನ 'ಲಿಂಕ್ಡ್ ಡಿವೈಸಸ್'ಗೆ ಹೋಗಿ ಲಾಗ್‌ಔಟ್ ಮಾಡಿ.

ಸೆಂಟರ್‌ನವರೇ ಐಡಿ, ಪಾಸ್‌ವರ್ಡ್ ಮಾಡಿದ್ದರೆ ಜಗಳ ಬೇಡ. ಮನೆಗೆ ಬಂದು ಅವತ್ತೇ ಸಂಜೆ ಬದಲಿಸಿದರೆ ಸಾಕು. ಅವರ ಬುಕ್ಕಿನಲ್ಲಿ ಇರುವುದು ಹಳೆಯದಾಗುತ್ತೆ.

4. ಆಧಾರ್ ಜೆರಾಕ್ಸ್

ಪಿಜಿ, ಬಾಡಿಗೆ ರೂಮು, ಕೋಚಿಂಗ್, ಜಿಮ್ ಎಲ್ಲರೂ ಒಂದು ಜೆರಾಕ್ಸ್ ಕೇಳುತ್ತಾರೆ. ಸುಮ್ಮನೆ ಗುರುತು ತೋರಿಸಬೇಕಾದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಮೈ ಆಧಾರ್‌ನಲ್ಲಿ ಡೌನ್‌ಲೋಡ್ ಮಾಡುವಾಗ ಆ ಆಯ್ಕೆಗೆ ಟಿಕ್ ಹಾಕಿದರೆ ಹನ್ನೆರಡರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಪೂರ್ತಿ ನಂಬರೇ ಬೇಕಾದ ಕಡೆ 16 ಅಂಕಿಯ ವಿಐಡಿ (ಆಧಾರ್ ನಂಬರಿನ ಬದಲು ಕೊಡುವ ವರ್ಚುವಲ್ ಐಡಿ) ನಡೆಯುತ್ತದೆಯೇ ಕೇಳಿ. ಅದನ್ನು ಬೇಕೆಂದಾಗ ಹೊಸದಾಗಿ ಮಾಡಿಕೊಳ್ಳಬಹುದು, ಆಧಾರ್ ನಂಬರನ್ನು ಹಾಗೆ ಬದಲಿಸಲು ಬರುವುದಿಲ್ಲ. ಜೆರಾಕ್ಸ್ ಕೊಡಲೇಬೇಕಾದರೆ ಫೋಟೋ ಮುಚ್ಚದಂತೆ ಅಡ್ಡಲಾಗಿ 'ಹಾಸ್ಟೆಲ್ ಪ್ರವೇಶಕ್ಕೆ ಮಾತ್ರ' ಅಂತ ಬರೆದು ದಿನಾಂಕ, ಸಹಿ ಹಾಕಿ.

ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯವೂ ಇದೆ. ಲಾಕ್ ಮಾಡಿದರೆ ನಿಮ್ಮ ಬೆರಳಿನಿಂದ ಯಾರೂ ಹಣ ತೆಗೆಯಲಾಗದು. ಆದರೆ ರೇಷನ್ ಅಂಗಡಿಯಲ್ಲೂ ಬೆರಳು ನಡೆಯಲ್ಲ. ಮನೆಯ ರೇಷನ್ ತರುವವರು ನೀವೇ ಆಗಿದ್ದರೆ ಹೋಗುವ ಮೊದಲು ಅನ್‌ಲಾಕ್ ಮಾಡಿಕೊಳ್ಳಬೇಕು. ಅವ್ವ ಬೈದರೆ ನನ್ನನ್ನು ಕೇಳಬೇಡಿ.

5. ಹೆಸರು ಹೊಂದಿಸುವುದು

ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ 'ಬಸವರಾಜ ಹನುಮಂತಪ್ಪ'. ಆಧಾರ್‌ನಲ್ಲಿ ಬರೀ 'ಬಸವರಾಜ'. ಪಾಸ್‌ಬುಕ್ಕಿನಲ್ಲಿ ಮನೆತನದ ಹೆಸರೂ ಸೇರಿದೆ. ನಮಗೆ ಇವರು ಒಬ್ಬನೇ ಹುಡುಗ, ಕಂಪ್ಯೂಟರ್‌ಗೆ ಮೂವರು. ದಾಖಲೆ ಇಡುವ ಡಿಜಿಲಾಕರ್, ಕ್ರೆಡಿಟ್ ಲೆಕ್ಕ ಇಡುವ ಎಬಿಸಿ, ವಿದ್ಯಾರ್ಥಿಗೆ ಕೊಡುವ ಅಪಾರ್ ಐಡಿ, ಎಸ್‌ಎಸ್‌ಪಿ ಎಲ್ಲವೂ ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡುತ್ತವೆ. ಎಸ್‌ಎಸ್‌ಎಲ್‌ಸಿ ಕಾರ್ಡನ್ನೇ ಆಧಾರವಾಗಿ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಸರಿಮಾಡಿಸಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಿಸಬಹುದು. ಸ್ಪೆಲ್ಲಿಂಗ್ ಸರಿಯಾಗಿ ಬರೆದುಕೊಂಡು ಹೋಗಿ, ಆಪರೇಟರ್ ಟೈಪ್ ಮಾಡಿದ್ದನ್ನು ಓದಿ ನೋಡಿ, ಆಮೇಲೆ ಒಪ್ಪಿ.

ಡಿಜಿಲಾಕರ್ ಖಾತೆಯನ್ನು ನಿಮ್ಮ ಫೋನಿನಲ್ಲಿ ನೀವೇ ಮಾಡಿ. ಬೇರೆಯವರ ನಂಬರಿನಲ್ಲಿ ಮಾಡಿದ ಖಾತೆಗೆ ಮೂರನೇ ವರ್ಷದಲ್ಲಿ ಒಳಗೆ ಹೋಗಲಾಗದೆ ಒದ್ದಾಡುವವರು ಜಾಸ್ತಿ.

6. ಸ್ಕಾಲರ್‌ಶಿಪ್ ಬಂತು ಅನ್ನುವ ಮೆಸೇಜು

"ನಿಮ್ಮ ವಿದ್ಯಾಸಿರಿ ಹಣ ಮಂಜೂರಾಗಿದೆ, ಅಕೌಂಟ್ ನಂಬರ್ ಖಚಿತಪಡಿಸಿ." ಇಂಥ ಮೆಸೇಜು ಬಂದಾಗ ಒಂದು ವಿಷಯ ನೆನಪಿರಲಿ. ಎಸ್‌ಎಸ್‌ಪಿ ಹಣ ಬರುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಯಾವ ಖಾತೆ ಎಂಬುದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಪಟ್ಟಿಯಲ್ಲಿ ಮೊದಲೇ ಇರುತ್ತದೆ. ಹಣ ಹಾಕಲು ಫೋನ್ ಮಾಡಿ ಅಕೌಂಟ್ ನಂಬರ್, ಎಟಿಎಂ ಕಾರ್ಡ್, ಯುಪಿಐ ಪಿನ್ ಕೇಳುವ ಅಗತ್ಯವೇ ಯಾರಿಗೂ ಇಲ್ಲ. ಕೇಳಿದರೆ ಅವನು ಕಳ್ಳ. ಯಾವ ಬ್ಯಾಂಕ್ ಜೋಡಿಯಾಗಿದೆ ಎಂದು ಮೈ ಆಧಾರ್‌ನಲ್ಲೇ ನೋಡಬಹುದು.

ಲಿಂಕ್ ಬಂದರೆ ವಿಳಾಸದ ಕೊನೆಯನ್ನು ನೋಡಿ. ಶುರುವಿನ https:// ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಗೆ ಅಂಟಿಕೊಂಡೇ ಮುಂಚೆ 'ಡಾಟ್ ಜಿಒವಿ ಡಾಟ್ ಇನ್' ಇರಬೇಕು. ಮಧ್ಯದಲ್ಲಿ ಎಸ್‌ಎಸ್‌ಪಿ, ಕರ್ನಾಟಕ, ಜಿಒವಿ ಎಲ್ಲ ಬರೆದು ಕೊನೆಗೆ 'ಡಾಟ್ ಕಾಮ್' ಇದ್ದರೆ ನಕಲಿ. ಗ್ರೂಪಿನಲ್ಲಿ ಬಂದ ಎಪಿಕೆ ಫೈಲನ್ನು (ಪ್ಲೇ ಸ್ಟೋರ್ ಬಿಟ್ಟು ಬರುವ ಆ್ಯಪ್ ಫೈಲು) ಇನ್‌ಸ್ಟಾಲ್ ಮಾಡಬೇಡಿ, ಕಳಿಸಿದವರು ನಿಮ್ಮ ಲೆಕ್ಚರರೇ ಆಗಿದ್ದರೂ. ಅವರ ಫೋನೇ ಹ್ಯಾಕ್ ಆಗಿರಬಹುದು.

7. ಅಕೌಂಟ್ ಬಾಡಿಗೆಗೆ ಕೊಡಬೇಡಿ

ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ ಬರುತ್ತಾನೆ. "ಲೇ ತಮ್ಮಾ, ಒಂದು ಅಕೌಂಟ್ ತೆಗೆಸು, ಎಟಿಎಂ ಕಾರ್ಡು, ಸಿಮ್ಮು ನನಗ ಕೊಡು. ಗೇಮಿಂಗ್ ಕಂಪನಿ ರೊಕ್ಕ ಬರ್ತೈತಿ, ನಿನಗ ಕಮಿಷನ್." ಬಡ ಮನೆಯ ಹುಡುಗನಿಗೆ ಅದು ದೊಡ್ಡ ಹಣ. ಬರುವ ರೊಕ್ಕ ಇನ್ಯಾವುದೋ ರಾಜ್ಯದಲ್ಲಿ ಯಾರೋ ಮೋಸ ಹೋಗಿ ಕಳೆದುಕೊಂಡದ್ದು. ಅವರು ದೂರು ಕೊಟ್ಟ ಕೂಡಲೇ ಹಣ ಹೋದ ದಾರಿ ಹಿಡಿದು ಪೊಲೀಸರು ಬರುತ್ತಾರೆ. ಆ ದಾರಿಯಲ್ಲಿ ಕಾಣುವ ಹೆಸರು, ಫೋಟೋ, ಆಧಾರ್ ನಿಮ್ಮದು. ಸೀನಿಯರ್ ಹೆಸರು ಎಲ್ಲೂ ಇರಲ್ಲ.

ಖಾತೆ ಫ್ರೀಜ್ ಆಗುತ್ತೆ. ಸ್ಕಾಲರ್‌ಶಿಪ್‌ಗೆ ಜೋಡಿಸಿದ್ದೂ ಅದೇ ಖಾತೆ ಆದರೆ ಆ ಹಣವೂ ಸಿಕ್ಕಿಬೀಳುತ್ತೆ. ಬೇರೆ ರಾಜ್ಯದ ಠಾಣೆಗೆ ಓಡಾಡಬೇಕಾಗುತ್ತೆ. ಮುಂದೆ ಸರ್ಕಾರಿ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಬಂದಾಗ ಈ ಕೇಸು ಎದ್ದು ಕೂರುತ್ತೆ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಕಾರ್ಡು, ನೆಟ್ ಬ್ಯಾಂಕಿಂಗ್ ಬಂದ್ ಮಾಡಿಸಿ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮನೆಯಲ್ಲಿ ಹೇಳಿ. ಮುಚ್ಚಿಟ್ಟರೆ ಜಾಸ್ತಿ ಆಗುತ್ತೆ.

8. ಕಾಲೇಜು ಆಫೀಸಿನವರಿಗೆ

ಇಷ್ಟು ಹೊತ್ತು ವಿದ್ಯಾರ್ಥಿಗಳಿಗೇ ಹೇಳಿದ್ದಾಯಿತು. ನಿಜ ಹೇಳಬೇಕೆಂದರೆ ದೊಡ್ಡ ಸೋರಿಕೆ ಇರುವುದು ಇಲ್ಲಿ, ಅದೂ ಒಳ್ಳೆಯ ಉದ್ದೇಶದಿಂದಲೇ.

ಸ್ಕಾಲರ್‌ಶಿಪ್ ಸಮಯದಲ್ಲಿ ಒಂದು ಎಕ್ಸೆಲ್ ಶೀಟ್ ಕ್ಲಾಸ್ ಗ್ರೂಪಿಗೆ ಬೀಳುತ್ತದೆ. ಹೆಸರು, ತಂದೆಯ ಹೆಸರು, ಜಾತಿ, ಆದಾಯ, ಆಧಾರ್, ಅಕೌಂಟ್ ನಂಬರ್. ಕೆಳಗೆ "ತಪ್ಪಿದ್ದರೆ ನಾಳೆ ಒಳಗೆ ತಿಳಿಸಿ." ನೂರಾರು ಫೋನುಗಳಿಗೆ ಅದು ಒಂದೇ ಕ್ಷಣದಲ್ಲಿ ಹೋಯಿತು. ಯಾರ ಮನೆಯ ಆದಾಯ ಎಷ್ಟು, ಯಾರದು ಯಾವ ಜಾತಿ ಅಂತ ಪೂರ್ತಿ ಕ್ಲಾಸಿಗೆ ಗೊತ್ತಾಯಿತು. ಆ ಪಟ್ಟಿಯಲ್ಲಿ ಹೆಸರಿರುವ ಹುಡುಗಿ ಮರುದಿನ ಕ್ಲಾಸಿಗೆ ಹೇಗೆ ಬರುತ್ತಾಳೆ ಅಂತ ಯೋಚಿಸಿ ನೋಡಿ. ಗ್ರೂಪಿಗೆ ರಿಜಿಸ್ಟರ್ ನಂಬರ್ ಮತ್ತು 'ಸರಿ ಇದೆ / ಆಫೀಸಿಗೆ ಬನ್ನಿ' ಎಂಬ ಎರಡೇ ಕಾಲಂ ಸಾಕು. ವಿವರ ಬೇಕಾದವರು ಬಂದು ತಮ್ಮ ಸಾಲು ಮಾತ್ರ ನೋಡಿಕೊಳ್ಳಲಿ.

ಗೂಗಲ್ ಫಾರ್ಮ್ ಮಾಡುವವರು ಸೆಟ್ಟಿಂಗ್ಸ್‌ನಲ್ಲಿ, ಉತ್ತರಗಳ ಸಾರಾಂಶ ತುಂಬಿದವರಿಗೆಲ್ಲ ಕಾಣುವ ಆಯ್ಕೆ ಆಫ್ ಇದೆಯೇ ನೋಡಿ. ಉತ್ತರ ಬೀಳುವ ಶೀಟನ್ನು 'ಲಿಂಕ್ ಇರುವ ಯಾರಾದರೂ' ಎಂದು ಹಂಚಬೇಡಿ. ಟೂರಿಗೆ ಹೆಸರು ಕೊಡುವ ಫಾರ್ಮಿಗೆ ಆಧಾರ್ ನಂಬರ್ ಯಾಕೆ ಬೇಕು? ಬೇಡದ್ದನ್ನು ಕೇಳಲೇಬೇಡಿ. ಕೇಳದೇ ಇರುವ ಮಾಹಿತಿ ಸೋರುವುದಿಲ್ಲ.

ಇನ್ನು ಪ್ರಿನ್ಸಿಪಾಲರ ಡಿಜಿಟಲ್ ಸಹಿಯ ಡಾಂಗಲ್, ಅಂದರೆ ಸಹಿ ಇರುವ ಪೆನ್‌ಡ್ರೈವ್‌ನಂಥ ಸಾಧನ. ಆಫೀಸಿನ ಡ್ರಾಯರಿನಲ್ಲಿ ಇರುತ್ತದೆ, ಅದರ ಮೇಲೇ ಬಿಳಿ ಚೀಟಿ ಅಂಟಿಸಿ ಪಿನ್ ಬರೆದಿರುತ್ತದೆ. ಅದು ಖಾಲಿ ಲೆಟರ್‌ಹೆಡ್‌ಗೆ ಸಹಿ ಮಾಡಿ ಇಟ್ಟಷ್ಟೇ ಅಪಾಯ. ಚೀಟಿ ಕಿತ್ತುಹಾಕಿ, ಪಿನ್ ಬದಲಿಸಿ, ಡಾಂಗಲ್ ಬೀರುವಿನಲ್ಲಿ ಇಡಿ. ಪೋರ್ಟಲ್‌ನ ಕಾಲೇಜು ಲಾಗಿನ್ ಎಷ್ಟು ಜನರಿಗೆ ಗೊತ್ತು ಅಂತ ಒಂದು ಪಟ್ಟಿ ಮಾಡಿ. ಅತಿಥಿ ಉಪನ್ಯಾಸಕರು ಬದಲಾಗುತ್ತಾರೆ, ಆಪರೇಟರ್ ಕೆಲಸ ಬಿಡುತ್ತಾನೆ, ವರ್ಗಾವಣೆ ಆಗುತ್ತೆ. ಯಾರೇ ಹೋದರೂ ರಿಲೀವಿಂಗ್ ಆರ್ಡರ್ ಕೊಡುವ ದಿನವೇ ಅವರ ಲಾಗಿನ್ ಬಂದ್ ಮಾಡುವ ಪದ್ಧತಿ ಇಟ್ಟುಕೊಳ್ಳಿ.

ಕಾಲೇಜಿನದೇ ಇಮೇಲ್ ಐಡಿ ಕೊಡುವ ಕಡೆ ಇದು ಇನ್ನೂ ಮುಖ್ಯ. ಯೂನಿವರ್ಸಿಟಿ ಗ್ರಂಥಾಲಯಗಳನ್ನು ಜೋಡಿಸುವ ಸಂಸ್ಥೆ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಎಂಬ ಲಾಗಿನ್ ವ್ಯವಸ್ಥೆಯಲ್ಲಿ ಸೇರಿದ ಸಂಸ್ಥೆಯ ವಿದ್ಯಾರ್ಥಿ ಮನೆಯಿಂದಲೇ ಸಂಶೋಧನಾ ಪತ್ರಿಕೆಗಳನ್ನು ಓದಬಹುದು. 2025ರ ಜನವರಿಯಿಂದ ಶುರುವಾದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ಸಿಗುತ್ತವೆ. ಇನ್‌ಫೆಡ್ ಕೆಲಸ ಮಾಡುವ ರೀತಿ ಚೆನ್ನಾಗಿದೆ. ನೀವು ಪಾಸ್‌ವರ್ಡ್ ಕೊಡುವುದು ನಿಮ್ಮ ಸಂಸ್ಥೆಯ ಪುಟಕ್ಕೆ ಮಾತ್ರ. ಸಂಸ್ಥೆ ಪ್ರಕಾಶಕರಿಗೆ 'ಹೌದು, ಇವರು ನಮ್ಮವರು' ಅಂತ ಹೇಳುತ್ತದೆ, ಪಾಸ್‌ವರ್ಡ್ ಅವರಿಗೆ ಕಾಣುವುದೇ ಇಲ್ಲ. ಆದರೆ ಬಿಟ್ಟು ಹೋದವರ ಐಡಿ ಜೀವಂತ ಇದ್ದರೆ ಸಂಸ್ಥೆ ಅವರ ಪರವಾಗಿಯೂ 'ಹೌದು' ಅನ್ನುತ್ತಲೇ ಇರುತ್ತದೆ.

ಕಾನೂನಿನ ಮಾತು ಚಿಕ್ಕದಾಗಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಸಮಯ ಕೊಟ್ಟಿದ್ದಾರೆ. 18 ತುಂಬದ ವಿದ್ಯಾರ್ಥಿಯ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುವುದು ಅದರಲ್ಲಿದೆ. ಪಿಯು ಕಾಲೇಜಿನವರು ಆ ಭಾಗ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

9. ಏನಾದರೂ ಆಗಿಬಿಟ್ಟರೆ

ಹಣ ಹೋದರೆ ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವ ಅವಕಾಶ ಜಾಸ್ತಿ. ಗೆಳೆಯರನ್ನು ಕೇಳುತ್ತಾ, ಯೂಟ್ಯೂಬ್ ನೋಡುತ್ತಾ ಕೂರಬೇಡಿ. ಆಮೇಲೆ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇದೆ, ಅಲ್ಲಿಗೂ ಹೋಗಬಹುದು. ಮೆಸೇಜು ಡಿಲೀಟ್ ಮಾಡದೆ ಸ್ಕ್ರೀನ್‌ಶಾಟ್, ಟ್ರಾನ್ಸಾಕ್ಷನ್ ನಂಬರ್ ಒಯ್ಯಿರಿ.

ಫೋನ್ ಕಳೆದರೆ ಸಿಮ್ ಬ್ಲಾಕ್ ಮಾಡಿಸಿ, ಪೊಲೀಸ್ ದೂರು ಕೊಟ್ಟು, ಸಂಚಾರ್ ಸಾಥಿಯಲ್ಲಿ ಫೋನಿನ ಗುರುತಿನ ನಂಬರ್ ಐಎಂಇಐ ಬ್ಲಾಕ್ ಮಾಡಿ. ಐಎಂಇಐ ನಂಬರ್ ಫೋನಿನ ಡಬ್ಬಿ ಮೇಲೆ ಇರುತ್ತೆ, ಡಬ್ಬಿ ಎಸೆಯಬೇಡಿ. ಆಧಾರ್ ವಿಷಯಕ್ಕೆ ಸಹಾಯವಾಣಿ 1947. ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿಯೂ ಮೈ ಆಧಾರ್‌ನಲ್ಲಿ ಸಿಗುತ್ತದೆ.

ಬೇರೆಯವರ ಪಾಸ್‌ವರ್ಡ್, ಡಿಜಿಟಲ್ ಸಹಿ ಮೋಸದಿಂದ ಬಳಸುವುದು ಐಟಿ ಕಾಯ್ದೆಯ 66ಸಿ ಅಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಗೆಳೆಯನ ಲಾಗಿನ್‌ನಲ್ಲಿ ತಮಾಷೆಗೆ ಫಾರ್ಮ್ ಬದಲಿಸುವ ಹುಡುಗರಿಗೂ ಇದು ಗೊತ್ತಿರಲಿ.

ಫೋಟೋ ತಿರುಚಿ ಹೆದರಿಸುತ್ತಿದ್ದರೆ ದುಡ್ಡು ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ. ಹೆಣ್ಣುಮಕ್ಕಳ ಮೇಲಿನ ಇಂಥ ಅಪರಾಧಗಳಿಗೆ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮನೆಯಲ್ಲಿ ಹೇಳಲು ಭಯ ಆದರೆ ನಂಬಿಕೆ ಇರುವ ಒಬ್ಬ ಮೇಡಂಗೆ ಹೇಳಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರು ತುಂಬಿ.